ಬಾಡಿಗೆ ಕರಾರು, ಮೂರು ಹಳೆಯ ಯಂತ್ರಗಳು, ಒಂದು ಎಂಟನೆಯ ಬಿಟ್

ಚಿಕ್ಕಮ್ಮನ ಮನೆಯ ಅಟ್ಟದಿಂದ ಇಳಿಸಿದ ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನೇಳು ಫ್ಲಾಪಿಗಳಿದ್ದವು, ಎಲ್ಲವೂ ಐದೂಕಾಲು ಅಂಗುಲದವು. ಹನ್ನೊಂದಕ್ಕೆ ಬೂಷ್ಟು ಹಿಡಿದಿತ್ತು. ಸಾಗರದ ಮಳೆಗಾಲಕ್ಕೆ ಚರ್ಮದ ಚಪ್ಪಲಿಯೂ ಒಂದೇ, ಫ್ಲಾಪಿಯೂ ಒಂದೇ. 1988ರಿಂದ ಹದಿನೈದು ವರ್ಷ ಅವರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಾಬ್ ಟೈಪಿಂಗ್ ಮಾಡಿದವರು. ಬಾಡಿಗೆ ಕರಾರು, ಕ್ರಯಪತ್ರದ ಕರಡು, ಕೆಲಸಕ್ಕೆ ಅರ್ಜಿ, ಯಾರದೋ ಪ್ರಬಂಧ, ಎಲ್ಲವೂ ಅವರ ಬೆರಳಿನಡಿ ಹಾದುಹೋಗಿವೆ. ಮೊದಲೆರಡು ವರ್ಷ ಟೈಪ್‌ರೈಟರ್, ಆಮೇಲೆ ವರ್ಡ್‌ಸ್ಟಾರ್, ಅಂದರೆ ಕಂಪ್ಯೂಟರಿನಲ್ಲಿ ಬರಹ ಬರೆದು ತಿದ್ದುವ ಒಂದು ತಂತ್ರಾಂಶ (ವರ್ಡ್ ಪ್ರೊಸೆಸರ್).

ಡಬ್ಬಿಯನ್ನು ನನ್ನ ಕೈಗಿಡುತ್ತ ಅವರು ಆಡಿದ ಮಾತೇ ಈ ಉಪದ್ವ್ಯಾಪಕ್ಕೆಲ್ಲ ಕಾರಣ. “ವರ್ಡ್‌ಸ್ಟಾರ್ ಆದ ಮೇಲೆ ಬಂದದ್ದೆಲ್ಲ ಸೋಮಾರಿಗಳಿಗೆ ಮಾಡಿದ್ದು ಕಣೋ. ಒಂದು ಪ್ಯಾರಾ ಎತ್ತಿ ಬೇರೆ ಕಡೆ ಇಡುವುದಕ್ಕೆ ಕೀಲಿಮಣೆಯಿಂದ ಕೈ ತೆಗೆದು ಆ ಮೌಸನ್ನು ತಡಕಾಡಬೇಕು.” ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ನನ್ನದು. ವರ್ಡ್‌ಸ್ಟಾರ್ ಮೆರೆಯುತ್ತಿದ್ದ ಕಾಲದಲ್ಲೇ ಬೇರೆ ಯಂತ್ರಗಳ ಮೇಲೆ ಬೇರೆಯಾಗಿ ಯೋಚಿಸಿದವರೂ ಇದ್ದರು ಎಂದೆ. ಅವರು ಒಪ್ಪಲಿಲ್ಲ. “ಮಾಡಿ ತೋರಿಸು” ಎಂದರು.

ಪರೀಕ್ಷೆಗೆ ಅವರದೇ ಕಾಲದ ಒಂದು ಪುಟದ ಬಾಡಿಗೆ ಕರಾರನ್ನು ಆರಿಸಿಕೊಂಡೆವು, ಇಂಗ್ಲಿಷಿನಲ್ಲಿ. ಛಾಪಾ ಕಾಗದದ ಮೇಲೆ ಮುದ್ರಿಸುವುದಾದ್ದರಿಂದ ಮೇಲ್ಭಾಗದಲ್ಲಿ ಆರು ಅಂಗುಲ ಖಾಲಿ ಬಿಡಬೇಕು. ಶೀರ್ಷಿಕೆ ನಡುವೆ ಬರಬೇಕು, ಅದರ ಕೆಳಗೆ ಗೆರೆ ಬೀಳಬೇಕು. ನಾಲ್ಕನೆಯ ಷರತ್ತನ್ನು ಎರಡನೆಯ ಜಾಗಕ್ಕೆ ತರಬೇಕು. ‘ಲೆಸ್ಸರ್’ ಎಂದಿರುವಲ್ಲೆಲ್ಲ ‘ಓನರ್’ ಆಗಬೇಕು. ಉಳಿಸಿ, ಮುದ್ರಿಸಬೇಕು. ಕೊನೆಗೆ ಆ ಕಡತ ಇಂದಿನ ಲ್ಯಾಪ್‌ಟಾಪಿಗೆ ಬಂದು ಓದುವಂತಿರಬೇಕು. ಈ ಕೊನೆಯ ಷರತ್ತನ್ನು ಸೇರಿಸಿದವನು ನಾನು, ಎಲ್ಲಕ್ಕಿಂತ ಹೆಚ್ಚು ಕಾಡಿದ್ದೂ ಅದೇ.

ಬಿಬಿಸಿ ಮೈಕ್ರೋ

ಮೊದಲನೆಯ ಯಂತ್ರ ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರ ನಮ್ಮಲ್ಲಿ ಕೆಲವರಿಗೆ ಪರಿಚಿತವೇ. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆಯ್ಕೆಯಾದದ್ದು ಇದೇ. ಮೊದಲ ಸುತ್ತಿನಲ್ಲಿ 250 ಶಾಲೆಗಳು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನು ಭಾರತದಲ್ಲೇ ಜೋಡಿಸುತ್ತಲೂ ಇತ್ತು. ನನಗೆ ಸಿಕ್ಕಿದ್ದು ಗುಜರಿಯಿಂದ. ಮೂರು ಕೀಲಿಗಳ ಟೋಪಿ ಇರಲಿಲ್ಲ, ಒಳಗೆ ಹಲ್ಲಿಯ ಮೊಟ್ಟೆಯ ಚಿಪ್ಪುಗಳಿದ್ದವು.

ನಲವತ್ತು ವರ್ಷದ ಪವರ್ ಸಪ್ಲೈಗೆ ನೇರವಾಗಿ ಕರೆಂಟು ಕೊಡಬಾರದು ಎಂದು ಗೊತ್ತಿದ್ದೂ ಕೊಟ್ಟೆ. ಹನ್ನೆರಡು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ‘ಟಪ್’ ಎಂದು ಸದ್ದಾಗಿ, ಸುಟ್ಟ ಮೀನಿನ ವಾಸನೆಯ ಬಿಳಿ ಹೊಗೆ ಕೋಣೆ ತುಂಬಿತು. ಮುಖ್ಯ ಸಾಲಿನ ಗದ್ದಲ ಸೋಸಲು ಹಾಕುವ ಎಕ್ಸ್2 ಕೆಪಾಸಿಟರ್ ಸಿಡಿದಿತ್ತು. ಆ ಕಾಲದಲ್ಲಿ ಅದನ್ನು ಕಾಗದದ ಪದರಗಳಿಂದ ಮಾಡಿ ಪಾರದರ್ಶಕ ರಾಳದಲ್ಲಿ ಮುಚ್ಚುತ್ತಿದ್ದರು. ವರ್ಷಗಳು ಕಳೆದಂತೆ ರಾಳ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ, ಒಂದು ದಿನ ಹೀಗಾಗುತ್ತದೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಪಾಲಿಪ್ರೊಪಿಲೀನಿನ ಎಕ್ಸ್2 ಕೆಪಾಸಿಟರುಗಳನ್ನು ಕೊಂಡು ತಂದೆ. ಸಿಡಿದದ್ದರ ಜೊತೆಗೆ ಅದರ ಒಡಹುಟ್ಟನ್ನೂ, 220 ಮೈಕ್ರೋಫ್ಯಾರಡಿನ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೂ ಬದಲಿಸಿದೆ. ಈ ಡಬ್ಬಿ ಬಿಚ್ಚುವವರು ಪ್ಲಗ್ ಕಿತ್ತು ಹತ್ತು ನಿಮಿಷ ಕಾಫಿ ಕುಡಿದು ಬರಲಿ. ಒಳಗಿನ ದೊಡ್ಡ ಕೆಪಾಸಿಟರ್ ಮುನ್ನೂರು ವೋಲ್ಟಿನಷ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ.

ಈ ಯಂತ್ರದ ವರ್ಡ್ ಪ್ರೊಸೆಸರ್ ‘ವರ್ಡ್‌ವೈಸ್’. ಚಾರ್ಲ್ಸ್ ಮೊಯರ್ ಬರೆದದ್ದು, ಕಂಪ್ಯೂಟರ್ ಕಾನ್ಸೆಪ್ಟ್ಸ್ ಮಾರಿದ್ದು. ಇದು ಡಿಸ್ಕಿನಲ್ಲಿ ಬರುತ್ತಿರಲಿಲ್ಲ, ಚಿಪ್ಪಿನಲ್ಲಿ ಬರುತ್ತಿತ್ತು: 8 ಕೆಬಿಯ ಒಂದು ರೋಮ್ (ಆರ್‌ಒಎಂ), ಅಂದರೆ ಓದಲು ಮಾತ್ರ ಬರುವ ನೆನಪು. ಬೋರ್ಡಿನ ಮೇಲಿನ ಖಾಲಿ ಸಾಕೆಟ್ಟಿಗೆ ಒತ್ತಿದರೆ ಮುಗಿಯಿತು. ನನ್ನ ಬಳಿ ಮೂಲ ಚಿಪ್ ಇಲ್ಲದ್ದರಿಂದ ಹಳೆಯ 27128 ಇಪ್ರಾಮ್ ಒಂದನ್ನು ಅಳಿಸಿ ಬರೆಯಬೇಕಾಯಿತು. ಅಳಿಸಲು ನೇರಳಾತೀತ ಬೆಳಕು ಬೇಕು. ಕೊರೋನಾ ಕಾಲದಲ್ಲಿ ತರಕಾರಿ ಶುದ್ಧಿ ಮಾಡಲೆಂದು ಮನೆಯವರು ಕೊಂಡಿದ್ದ ಟ್ಯೂಬಿನ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಇಪ್ಪತ್ತು ನಿಮಿಷದಲ್ಲಿ ಚಿಪ್ ಚೊಕ್ಕಟವಾಯಿತು. ಟೊಮೆಟೊಗೆ ಅದರಿಂದ ಏನಾಗುತ್ತಿತ್ತೋ ದೇವರಿಗೇ ಗೊತ್ತು. 27128ರಲ್ಲಿ 16 ಕೆಬಿ ಜಾಗವಿರುತ್ತದೆ, ವರ್ಡ್‌ವೈಸ್ ಅದರ ಅರ್ಧ. ಹಾಗಾಗಿ ಅದನ್ನೇ ಎರಡು ಸಲ, ಒಂದರ ಹಿಂದೆ ಒಂದು ಬರೆದೆ. ಆಗ ಯಂತ್ರ ಯಾವ ಅರ್ಧವನ್ನು ಕೇಳಿದರೂ ಸರಿಯಾದದ್ದೇ ಸಿಗುತ್ತದೆ.

ಪರದೆಯಲ್ಲಿ ಅಕ್ಷರ ಬಂತು, ಆದರೆ ಹಸಿರು ಬರಲಿಲ್ಲ. ಇದು ಸಣ್ಣ ವಿಷಯವಲ್ಲ. ವರ್ಡ್‌ವೈಸಿನ ಇಡೀ ಲೆಕ್ಕಾಚಾರ ನಿಂತಿರುವುದು ಹಸಿರಿನ ಮೇಲೆ. ಎಫ್1 ಒತ್ತಿದರೆ ಅಲ್ಲಿಂದ ಮುಂದಿನ ಬರಹ ಹಸಿರು, ಎಫ್2 ಒತ್ತಿದರೆ ಮತ್ತೆ ಬಿಳಿ. ಹಸಿರಿನಲ್ಲಿ ಬರೆದದ್ದು ಮುದ್ರಕಕ್ಕೆ ಆಜ್ಞೆ, ಬಿಳಿಯಲ್ಲಿರುವುದು ಕಾಗದಕ್ಕೆ ಹೋಗುವ ಮಾತು. ಹಸಿರಿನಲ್ಲಿ ‘ಸಿಇ’ ಎಂದರೆ ಆ ಸಾಲು ನಡುವೆ, ‘ಎಲ್‌ಎಂ’ ಎಂದರೆ ಎಡ ಅಂಚು. ನಾನು ಹಳೆಯ ಟಿ.ವಿ.ಗೆ ಜೋಡಿಸಿದ್ದ ವಿಡಿಯೋ ಕಿಂಡಿ ಕಪ್ಪುಬಿಳುಪಿನದು. ಆಜ್ಞೆ ಯಾವುದು ಮಾತು ಯಾವುದು ತಿಳಿಯದೆ ಅರ್ಧ ಗಂಟೆ ಒದ್ದಾಡಿದ ಮೇಲೆ, ಬೋರ್ಡಿನ ಮೇಲೆ ಎಸ್39 ಎಂಬ ಕೊಂಡಿಯನ್ನು ಬೆಸೆದರೆ ಅದೇ ಕಿಂಡಿಯಲ್ಲಿ ಬಣ್ಣ ಬರುತ್ತದೆ ಎಂಬುದು ನೆನಪಾಯಿತು. ಒಂದು ಹನಿ ಸೀಸ, ಹಸಿರು ಮೂಡಿತು.

ಚಿಕ್ಕಮ್ಮ ಕುಳಿತರು. ಸಾಲಿಗೆ ನಲವತ್ತೇ ಅಕ್ಷರ ನೋಡಿ ಮುಖ ಸಿಂಡರಿಸಿದರು. “ಇದೇನು, ಬಸ್ ಟಿಕೆಟ್ಟೇ?” ಎಂದರು. ನಾನು ಲೆಕ್ಕ ಒಪ್ಪಿಸಿದೆ. ಯಂತ್ರದ ಒಟ್ಟು ನೆನಪು 32 ಕೆಬಿ. ಟೆಲಿಟೆಕ್ಸ್ಟಿನ ಏಳನೆಯ ಮೋಡಿನ ಪರದೆ ಅದರಲ್ಲಿ 1 ಕೆಬಿ ಮಾತ್ರ ತಿನ್ನುತ್ತದೆ. ಡಿಸ್ಕಿನ ವ್ಯವಸ್ಥೆಗೆ ಬೇಕಾದ್ದನ್ನು ಕಳೆದ ಮೇಲೂ ಬರಹಕ್ಕೆ 25,344 ಬೈಟು ಉಳಿಯುತ್ತದೆ. ಎಂಬತ್ತು ಅಕ್ಷರದ ಮೂರನೆಯ ಮೋಡಿಗೆ ಹೋದರೆ ಪರದೆಗೇ 16 ಕೆಬಿ, ಉಳಿಯುವುದು 9,984 ಬೈಟು. ಏಕಾರ್ನಿನವರದೇ ಇನ್ನೊಂದು ತಂತ್ರಾಂಶ ‘ವ್ಯೂ’ ಇತ್ತು. ಅದು ಎಂಬತ್ತು ಅಕ್ಷರದ ಸಾಲಿನಲ್ಲೇ, ಕಾಗದದ ಮೇಲೆ ಬರುವುದನ್ನು ಹೋಲುವಂತೆ ತಿದ್ದಲು ಬಿಡುತ್ತಿತ್ತು. ಆದರೆ ನಾಲ್ಕೈದು ಪುಟಕ್ಕೆ ನೆನಪು ಮುಗಿಯುತ್ತದೆ. ವರ್ಡ್‌ವೈಸ್ ಮಾಡಿದ ಉಪಾಯ ಬೇರೆ: ಇಕ್ಕಟ್ಟಿನ ಕೋಣೆಯಲ್ಲಿ ಬರೆಯಿರಿ, ಎಂಬತ್ತು ಅಕ್ಷರದ ರೂಪವನ್ನು ಬೇಕಾದಾಗ ಮಾತ್ರ ತೋರಿಸುತ್ತೇನೆ. ಮೆನುವಿನ ಏಳನೆಯ ಆಯ್ಕೆ ಅದಕ್ಕೇ ಇದೆ.

ಷರತ್ತು ಎತ್ತಿಡುವ ಕೆಲಸ ಇಲ್ಲಿ ಬಲು ಸುಲಭ. ಪ್ಯಾರಾದ ಎರಡು ತುದಿಗೆ ಎಫ್3ರಿಂದ ಗುರುತು, ಹೊಸ ಜಾಗಕ್ಕೆ ಹೋಗಿ ಎಫ್8. ಚಿಕ್ಕಮ್ಮ ಮೊದಲ ಸಲವೇ ಮಾಡಿದರು, ಆದರೆ ಹೊಗಳಲಿಲ್ಲ. ಅಷ್ಟರಲ್ಲಿ ಅವರ ಕಿರುಬೆರಳು ಎಫ್9ರ ಪಕ್ಕದಲ್ಲೇ ಇರುವ ‘ಬ್ರೇಕ್’ ಕೀಲಿಗೆ ತಾಗಿತು. ಪರದೆ ಖಾಲಿ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಹದಿನೈದು ವರ್ಷ ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಕೆಲಸ ಮಾಡಿದವರ ಭಯ ಅದು. ಮತ್ತೆ ವರ್ಡ್‌ವೈಸನ್ನು ಕರೆದಾಗ ಅದು ಕೇಳಿದ್ದು ಒಂದೇ ಪ್ರಶ್ನೆ: ಹಳೆಯ ಬರಹ ಬೇಕೇ? ‘ವೈ’ ಒತ್ತಿದೆವು, ಕರಾರು ಇದ್ದಂತೆ ಮರಳಿತು. “ಇದು ಒಳ್ಳೆಯದು” ಎಂದರು. ಇಡೀ ದಿನದಲ್ಲಿ ಬಿಬಿಸಿಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ಗೆರೆ ಎಳೆಯುವುದಕ್ಕೆ ಮಾತ್ರ ಮುದ್ರಕದ ಭಾಷೆಯನ್ನೇ ಆಡಬೇಕಾಯಿತು. ಹಸಿರಿನಲ್ಲಿ ‘ಒಸಿ27,45,1’ ಎಂದು ಬರೆದರೆ ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ‘ಗೆರೆ ಆರಂಭಿಸು’ ಎಂದು ಅರ್ಥ. ಕೊನೆಯ 1ರ ಬದಲು 0 ಹಾಕಿದರೆ ನಿಲ್ಲಿಸು. ರಿಬ್ಬನ್ ಒಣಗಿತ್ತು. ರಬ್ಬರ್ ಸ್ಟಾಂಪಿನ ಶಾಯಿಯನ್ನು ಹನಿಹನಿಯಾಗಿ ಹಾಕಿ ಒಂದು ರಾತ್ರಿ ಬಿಟ್ಟೆವು. ಅದು ಚಿಕ್ಕಮ್ಮನ ವಿದ್ಯೆ.

ಝಡ್80 ಕಿಟ್ ಮತ್ತು ವರ್ಡ್‌ಸ್ಟಾರ್

ಎರಡನೆಯದನ್ನು ನಾನೇ ಕಟ್ಟಿದೆ. ಝಡ್80 ಪ್ರೊಸೆಸರ್, 64 ಕೆಬಿ ನೆನಪು, ಡಿಸ್ಕಿನ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಮೇಲೆ ಸಿಪಿ/ಎಂ 2.2 ಎಂಬ ಅಂದಿನ ಕಾರ್ಯಾಚರಣ ವ್ಯವಸ್ಥೆ. ಬೆಸುಗೆಗೆ ಎರಡು ಸಂಜೆ ಹಿಡಿಯಿತು. ಒಂದು ಕಡೆ ಚಿಪ್ಪನ್ನು ತಿರುಗಿಸಿ ಹಾಕಿದ್ದೆ. ಬೆರಳು ಸುಟ್ಟಾಗ ಗೊತ್ತಾಯಿತು. ಇದಕ್ಕೆ ತನ್ನದೇ ಪರದೆಯಿಲ್ಲ, ಸೀರಿಯಲ್ ತಂತಿಯ ಆಚೆ ಲ್ಯಾಪ್‌ಟಾಪ್ ಟರ್ಮಿನಲ್ಲಿನಂತೆ, ಅಂದರೆ ಬರೀ ಪರದೆ–ಕೀಲಿಮಣೆಯಂತೆ ವರ್ತಿಸಬೇಕು.

ಅಂದಿನ ತಂತ್ರಾಂಶ ಬರೆಯುವವರ ತಲೆನೋವು ಇಲ್ಲಿ ಕೈಗೇ ಸಿಗುತ್ತದೆ. 1976ರ ಕೊನೆಯಲ್ಲಿ ಮೈಕೆಲ್ ಶ್ರೇಯರ್ ಆಲ್ಟೇರ್ ಯಂತ್ರಕ್ಕಾಗಿ ‘ಎಲೆಕ್ಟ್ರಿಕ್ ಪೆನ್ಸಿಲ್’ ಬರೆದ. ಮನೆಗಣಕಗಳ ಮೊದಲ ವರ್ಡ್ ಪ್ರೊಸೆಸರ್ ಎಂದು ಹೆಸರಾದದ್ದು ಅದೇ. ಪ್ರತಿ ಬಗೆಯ ಪರದೆಗೂ ಮುದ್ರಕಕ್ಕೂ ಅದನ್ನು ಮತ್ತೆ ಮತ್ತೆ ಹೊಂದಿಸಿ ಹೊಂದಿಸಿ ಹತ್ತಾರು ಆವೃತ್ತಿಗಳಾದವು. ಎರಡು ವರ್ಷದ ನಂತರ ಸೇಮರ್ ರೂಬಿನ್‌ಸ್ಟೀನ್‌ನ ಮೈಕ್ರೋಪ್ರೊ ಕಂಪನಿಗಾಗಿ ರಾಬ್ ಬಾರ್ನಬಿ ವರ್ಡ್‌ಸ್ಟಾರ್ ಬರೆದಾಗ, ಟರ್ಮಿನಲ್ಲಿನ ವಿವರಗಳನ್ನೆಲ್ಲ ಹೊರಗೆ ತೆಗೆದು, ಕೊಂಡವನೇ ತುಂಬಿಕೊಳ್ಳುವಂತೆ ಒಂದು ‘ಇನ್‌ಸ್ಟಾಲ್’ ಕಾರ್ಯಕ್ರಮ ಜೊತೆಗಿಟ್ಟರು. ಕರ್ಸರನ್ನು ಇಂಥ ಜಾಗಕ್ಕೆ ಒಯ್ಯಲು ನಿಮ್ಮ ಟರ್ಮಿನಲ್ ಏನು ಕೇಳುತ್ತದೆ, ಪರದೆ ಅಳಿಸಲು ಏನು ಕೇಳುತ್ತದೆ, ಹೀಗೆ. ನಾನು ಪಟ್ಟಿಯಲ್ಲಿ ತಪ್ಪು ಟರ್ಮಿನಲ್ ಆರಿಸಿದ್ದರಿಂದ ಮೊದಲ ಸಲ ಪರದೆಯ ತುಂಬ ಸೆಮಿಕೋಲನ್ನುಗಳ ಜಾತ್ರೆ ನೆರೆಯಿತು.

ಎರಡನೆಯ ತೊಡಕು ಬಾಣದ ಕೀಲಿಗಳದು. ಇಂದಿನ ಕೀಲಿಮಣೆಯ ಮೇಲ್ಬಾಣ ಮೂರು ಸಂಕೇತಗಳ ಸರ ಕಳಿಸುತ್ತದೆ. ವರ್ಡ್‌ಸ್ಟಾರಿಗೆ ಅದು ಅರ್ಥವಾಗದೆ ಆವರಣ ಚಿಹ್ನೆಗಳನ್ನು ಬರಹದೊಳಗೆ ಉದುರಿಸಿತು. ಸರಿಪಡಿಸಲು ಕೂತಿದ್ದೆ. ಚಿಕ್ಕಮ್ಮ ತಳ್ಳಿಹಾಕಿದರು. “ಬಾಣ ಯಾರಿಗೆ ಬೇಕು?”

ನಿಜಕ್ಕೂ ಬೇಡ. ಅಂದಿನ ಎಷ್ಟೋ ಟರ್ಮಿನಲ್ಲುಗಳಲ್ಲಿ ಬಾಣವೇ ಇರಲಿಲ್ಲವೆಂದು ಎಡಗೈಯ ಕೆಳಗೇ ಒಂದು ವಜ್ರಾಕೃತಿ ಮಾಡಿಟ್ಟಿದ್ದಾರೆ. ಕಂಟ್ರೋಲ್ ಒತ್ತಿ ಹಿಡಿದು ‘ಇ’ ಮೇಲೆ, ‘ಎಕ್ಸ್’ ಕೆಳಗೆ, ‘ಎಸ್’ ಎಡ, ‘ಡಿ’ ಬಲ. ಅದರಾಚೆಯ ‘ಎ’ ಮತ್ತು ‘ಎಫ್’ ಒಂದೊಂದು ಪದ ಜಿಗಿಯುತ್ತವೆ. ‘ಆರ್’ ಮತ್ತು ‘ಸಿ’ ಒಂದೊಂದು ಪರದೆ. ದೂರ ಹೆಚ್ಚಿದಂತೆ ನೆಗೆತ ಹೆಚ್ಚು. ಮುಂದೆ ‘ಕ್ಯೂ’ ಸೇರಿಸಿದರೆ ನೆಗೆತ ತುದಿಯವರೆಗೆ. ಬಾಯಿಪಾಠ ಮಾಡುವುದಕ್ಕೆ ಕಷ್ಟ ಎನ್ನುತ್ತಾರೆ. ನನ್ನ ಕಣ್ಣಿಗೆ ಇದು ಮದ್ದಳೆಯ ಬೋಲುಗಳ ಹಾಗೆ, ಕೈಗೆ ಹತ್ತಿದ ಮೇಲೆ ತಲೆಗೆ ಕೆಲಸವಿಲ್ಲ.

ಒಂದೇ ಅಡ್ಡಿ ಕಂಟ್ರೋಲ್ ಕೀಲಿಯ ಜಾಗ. ಇದನ್ನು ರೂಪಿಸಿದಾಗ ಕಂಟ್ರೋಲ್ ಇದ್ದದ್ದು ‘ಎ’ ಅಕ್ಷರದ ಎಡಕ್ಕೆ, ಕಿರುಬೆರಳಿನ ತುದಿಯಲ್ಲಿ. ಇಂದು ಅಲ್ಲಿ ಕ್ಯಾಪ್ಸ್ ಲಾಕ್ ಕುಳಿತಿದೆ. ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಎರಡನ್ನೂ ಅದಲುಬದಲು ಮಾಡಿಕೊಟ್ಟೆ. ಆಮೇಲೆ ನಡೆದದ್ದನ್ನು ನಾನು ಸುಮ್ಮನೆ ನೋಡಿದೆ. ಇಪ್ಪತ್ತು ವರ್ಷ ಮುಟ್ಟದ ಕೈ ಅದು. ಕಂಟ್ರೋಲ್ ಹಿಡಿದು ‘ಕೆ’ ‘ಬಿ’ (ತುಂಡಿನ ಆರಂಭ), ‘ಕೆ’ ‘ಕೆ’ (ತುಂಡಿನ ಕೊನೆ), ಮೇಲಕ್ಕೆ ನಾಲ್ಕು ತಟ್ಟು, ‘ಕೆ’ ‘ವಿ’ (ಎತ್ತಿಡು): ನಾಲ್ಕನೆಯ ಷರತ್ತು ಎರಡನೆಯ ಜಾಗಕ್ಕೆ ಬಂದು ಕೂತಿತ್ತು. ಕ್ಯೂಎ, ಹಳೆಯ ಪದ, ಹೊಸ ಪದ, ‘ಜಿಎನ್’ ಎಂಬ ಆಯ್ಕೆ, ಅಂದರೆ ಎಲ್ಲ ಕಡೆ, ನನ್ನನ್ನು ಕೇಳದೆ. ಲೆಸ್ಸರುಗಳೆಲ್ಲ ಓನರುಗಳಾದರು. ಒಸಿ ಒತ್ತಿದರು, ಶೀರ್ಷಿಕೆ ನಡುವಿಗೆ ಸರಿಯಿತು. ಛಾಪಾ ಕಾಗದಕ್ಕಾಗಿ ಮೊದಲ ಸಾಲಿನ ಆರಂಭಕ್ಕೆ ಒಂದು ಚುಕ್ಕಿ ಇಟ್ಟು ‘ಪಿಎಲ್ 84’, ಇನ್ನೊಂದು ಚುಕ್ಕಿ ಇಟ್ಟು ‘ಎಂಟಿ 36’. ಅಂಗುಲಕ್ಕೆ ಆರು ಸಾಲು, ಹದಿನಾಲ್ಕು ಅಂಗುಲದ ಕಾಗದ, ಮೇಲೆ ಆರು ಅಂಗುಲ ಖಾಲಿ. ಲೆಕ್ಕವನ್ನು ಬಾಯಲ್ಲೂ ಹೇಳಲಿಲ್ಲ.

ಬೇಕೆಂದೇ ತಂತಿಯ ವೇಗವನ್ನು 9600ಕ್ಕೆ ಇಳಿಸಿದ್ದೆ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಹರಿಯುತ್ತದೆ. 1,920 ಅಕ್ಷರದ ಪರದೆ ಪೂರ್ತಿ ತುಂಬಲು ಎರಡು ಸೆಕೆಂಡು. ಆದರೂ ಅವರ ಬೆರಳಿಗೆ ಯಂತ್ರ ಎಲ್ಲೂ ಅಡ್ಡ ಬರಲಿಲ್ಲ. ಕೀಲಿ ಒತ್ತುತ್ತಲೇ ಇದ್ದರೆ ವರ್ಡ್‌ಸ್ಟಾರ್ ಪರದೆ ಬಿಡಿಸುವುದನ್ನು ಅರ್ಧಕ್ಕೇ ಬಿಟ್ಟು ಮೊದಲು ಬೆರಳಿಗೆ ಕಿವಿಗೊಡುತ್ತದೆ. ಇಂದಿನ ಫೋನುಗಳಿಗೂ ಈ ಸೌಜನ್ಯ ಇಲ್ಲ.

ಅವರಿಗೆ ಹಿಡಿಸದೇ ಹೋದದ್ದು ಮೌನ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ದನಿಯಿಲ್ಲ. “ಉಳಿಸಲು ‘ಕೆ’ ‘ಡಿ’ ಒತ್ತಿದರೆ ಡ್ರೈವ್ ಕರಕರ ಎನ್ನಬೇಕು. ಇಲ್ಲದಿದ್ದರೆ ಉಳಿಯಿತೋ ಇಲ್ಲವೋ ಹೇಗೆ ತಿಳಿಯಬೇಕು?”

ವರ್ಡ್‌ಸ್ಟಾರಿನ ಕೊರತೆಯನ್ನೂ ಬರೆಯದಿದ್ದರೆ ಅನ್ಯಾಯ. ಪ್ಯಾರಾದ ನಡುವೆ ಒಂದು ಪದ ಸೇರಿಸಿದರೆ ಸಾಲುಗಳು ತಾವಾಗಿ ಸರಿಯಾಗುವುದಿಲ್ಲ. ಕಂಟ್ರೋಲ್ ಬಿ ಒತ್ತಿ ಮತ್ತೆ ಹೊಂದಿಸಬೇಕು, ಪ್ರತಿ ಪ್ಯಾರಾಕ್ಕೂ. ‘ಲೆಸ್ಸರ್’ ಹೋಗಿ ‘ಓನರ್’ ಬಂದ ಮೇಲೆ ಕರಾರಿನ ಬಲ ಅಂಚು ಇಲಿ ಕಚ್ಚಿದಂತಿತ್ತು. ವರ್ಡ್‌ವೈಸಿನಲ್ಲಿ ಈ ಗೋಳೇ ಇಲ್ಲ. ಚಿಕ್ಕಮ್ಮ ಇದನ್ನು ಕೊರತೆ ಎಂದು ಒಪ್ಪಲಿಲ್ಲ. “ಅದು ಕೊನೆಗೊಮ್ಮೆ ಕಸ ಗುಡಿಸಿದ ಹಾಗೆ.”

ಎಕ್ಸ್‌ಟಿ, ವರ್ಡ್‌ಪರ್ಫೆಕ್ಟ್

ಮೂರನೆಯದು ಐಬಿಎಂನ ಎಕ್ಸ್‌ಟಿ ಮಾದರಿಯ ಪಿಸಿ, 640 ಕೆಬಿ, ಹಸಿರು ಪರದೆ. ಇದರ ರಿಪೇರಿಯಲ್ಲಿ ಹೇಳುವಂಥದ್ದೇನಿಲ್ಲ: ಹಾರ್ಡ್ ಡಿಸ್ಕ್ ಸತ್ತಿತ್ತು, ಕಾರ್ಡೊಂದನ್ನು ಹಾಕಿ ಫ್ಲ್ಯಾಶಿನಿಂದ ಎಬ್ಬಿಸಿದೆ. ಇದರಲ್ಲಿ ವರ್ಡ್‌ಸ್ಟಾರ್ 3.3 ಸಹ ಓಡುತ್ತದೆ, ಆದರೆ ನನಗೆ ಬೇಕಿದ್ದದ್ದು ಅದರ ಎದುರಾಳಿ ವರ್ಡ್‌ಪರ್ಫೆಕ್ಟ್ 5.1, 1989ರದು. ಅಮೆರಿಕದ ಯೂಟಾ ರಾಜ್ಯದ ಓರೆಮ್ ಊರಿನ ಪುರಸಭೆಗಾಗಿ ಆಲನ್ ಆಷ್ಟನ್ ಮತ್ತು ಬ್ರೂಸ್ ಬಾಸ್ಟಿಯನ್ ಒಂದು ಮಿನಿಕಂಪ್ಯೂಟರಿನಲ್ಲಿ ಬರೆದದ್ದು ಇದರ ಮೂಲ. ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದು ಮಂತ್ರದಂತೆ ಕಲಿಸುತ್ತಿದ್ದ ಹೊತ್ತಿಗೆ, ಅಲ್ಲಿನ ವಕೀಲರ ಕಚೇರಿಗಳನ್ನು ಇದು ಗೆದ್ದುಕೊಂಡಿತ್ತು.

ತೆರೆದರೆ ಪರದೆ ಖಾಲಿ. ಮೆನು ಇಲ್ಲ, ಸೂಚನೆ ಇಲ್ಲ, ಮೂಲೆಯಲ್ಲಿ ಪುಟ–ಸಾಲಿನ ಸಂಖ್ಯೆ ಮಾತ್ರ. ಚಿಕ್ಕಮ್ಮ ಎರಡು ನಿಮಿಷ ದಿಟ್ಟಿಸಿ, “ಯಾರೂ ಇಲ್ಲದ ಮನೆಗೆ ಬಂದ ಹಾಗಿದೆ” ಎಂದರು. ಸಹಾಯಕ್ಕೆ ಎಲ್ಲರೂ ಒತ್ತುವ ಎಫ್1 ಇಲ್ಲಿ ರದ್ದು, ಸಹಾಯ ಎಫ್3. ಉಳಿದದ್ದೆಲ್ಲ ಹತ್ತು ಕೀಲಿಗಳು ಗುಣಿಸು ನಾಲ್ಕು: ಬರಿದೇ, ಶಿಫ್ಟಿನೊಂದಿಗೆ, ಆಲ್ಟಿನೊಂದಿಗೆ, ಕಂಟ್ರೋಲಿನೊಂದಿಗೆ. ಕೀಲಿಮಣೆಯ ಮೇಲೆ ಕೂರಿಸುವ ಬಣ್ಣದ ಪಟ್ಟಿ ಇಲ್ಲದಿದ್ದರೆ ದಾರಿ ತಪ್ಪುತ್ತದೆ. ವಜ್ರದ ತರ್ಕ ಇಲ್ಲಿಲ್ಲ. ಕೈ ಕೂಡ ಮೂಲಸಾಲು ಬಿಟ್ಟು ಅಲೆಯುತ್ತದೆ. ಷರತ್ತು ಎತ್ತಿಡಲು ಅವರಿಗೆ ನಾಲ್ಕು ಪ್ರಯತ್ನ ಬೇಕಾಯಿತು. ನಾನು ಸೋಲುತ್ತಿದ್ದೆ.

ಆಗ ಆಲ್ಟ್ ಎಫ್3 ಒತ್ತಿ ತೋರಿಸಿದೆ. ಪರದೆ ಎರಡಾಗಿ ಸೀಳಿತು. ಮೇಲೆ ಕರಾರು, ಕೆಳಗೆ ಅದೇ ಕರಾರು, ಆದರೆ ಪ್ರತಿ ಗುಪ್ತ ಆಜ್ಞೆಯೂ ಆವರಣದೊಳಗೆ ಹೆಸರು ಹೇಳಿಕೊಂಡು ನಿಂತಿದೆ: ಇಲ್ಲಿ ಗೆರೆ ಶುರು, ಇಲ್ಲಿ ಗೆರೆ ಮುಕ್ತಾಯ, ಇಲ್ಲಿ ನಡುವೆ. ಬೇಡವಾದರೆ ಅದರ ಮೇಲೆ ಹೋಗಿ ಅಳಿಸಿದರೆ ಆಯಿತು. ಬಯಲಾಟ ನೋಡುತ್ತ ನೋಡುತ್ತ ಎದ್ದು ಚೌಕಿಗೆ ಹೋಗಿ, ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷವನ್ನು ಮಾತಾಡಿಸಿ ಬಂದಂತೆ. ಚಿಕ್ಕಮ್ಮ ಬಹಳ ಹೊತ್ತು ಕರ್ಸರನ್ನು ಆಡಿಸುತ್ತ ನೋಡಿದರು. ವಿಂಡೋಸ್ ಬಂದ ಹೊಸದರಲ್ಲಿ, ಎಲ್ಲಿಂದಲೋ ದಪ್ಪಗಾದ ಅಕ್ಷರವನ್ನು ತೆಳ್ಳಗೆ ಮಾಡಲಾಗದೆ ಇಡೀ ಪುಟ ಮತ್ತೆ ಟೈಪ್ ಮಾಡಿದ ಒಂದು ರಾತ್ರಿಯನ್ನು ನೆನಪಿಸಿಕೊಂಡರು. “ಇದು ಅಲ್ಲಿ ಇದ್ದಿದ್ದರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಅದನ್ನು ನಾನು ಗೆಲುವೆಂದೇ ಬರೆದುಕೊಂಡಿದ್ದೇನೆ.

ಆಪಲ್ ಟೂ ಯಂತ್ರ ನನ್ನ ಬಳಿ ಇಲ್ಲ. ಪಾಲ್ ಲೂಟಸ್ ಬರೆದ 1979ರ ‘ಆಪಲ್ ರೈಟರ್’ ಅನ್ನು ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ ಮಾತ್ರ ಓಡಿಸಿದೆ. ಆ ಯಂತ್ರಕ್ಕೆ ಇಂಗ್ಲಿಷಿನ ಸಣ್ಣಕ್ಷರವನ್ನು ತೋರಿಸಲೇ ಬರುತ್ತಿರಲಿಲ್ಲ. ಹಾಗಾಗಿ ಎಲ್ಲವೂ ದೊಡ್ಡಕ್ಷರದಲ್ಲೇ ಕಾಣುತ್ತದೆ, ನಿಜವಾದ ದೊಡ್ಡಕ್ಷರ ಬೇಕಾದಲ್ಲಿ ಎಸ್ಕೇಪ್ ಒತ್ತಬೇಕು, ಆಗ ಆ ಅಕ್ಷರ ಕಪ್ಪುಬಿಳುಪು ತಿರುಗಿಸಿಕೊಂಡು ನಿಲ್ಲುತ್ತದೆ. ಚಿಕ್ಕಮ್ಮ ಅರ್ಧ ಸಾಲಿಗೇ ಎದ್ದು ಅಡುಗೆಮನೆಗೆ ಹೋದರು.

ಹೊರಗೆ ತರುವುದು

ವರ್ಡ್‌ವೈಸಿನ ಕಡತ ಹೊರಬರಲು ಐದು ನಿಮಿಷ. ಮೆನುವಿನ ಎಂಟನೆಯ ಆಯ್ಕೆ, ಹೊಂದಿಸಿದ ಪುಟವನ್ನು ಮುದ್ರಕದ ಬದಲು ಸರಳ ಕಡತಕ್ಕೆ ಸುರಿಯುತ್ತದೆ. ವರ್ಡ್‌ಪರ್ಫೆಕ್ಟಿನ ಕಡತವನ್ನು ಇಂದಿನ ಲಿಬ್ರೆಆಫೀಸ್ ನೇರವಾಗಿ ತೆರೆಯಿತು, ಗೆರೆ ಸಮೇತ.

ವರ್ಡ್‌ಸ್ಟಾರಿನದು ಮಾತ್ರ ಕುಡಿದವನ ಮಾತಿನಂತಿತ್ತು. ಪ್ರತಿ ಪದ ನೆಟ್ಟಗೆ ಆರಂಭವಾಗಿ ಕೊನೆಯ ಅಕ್ಷರದಲ್ಲಿ ಕೆಡುತ್ತಿತ್ತು, ಗ್ರೀಕಿನ ಸಿಗ್ಮಾಗಳು, ಗಣಿತದ ಚಿಹ್ನೆಗಳು. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಸಂಕೇತಕ್ಕೆ ಏಳು ಬಿಟ್ ಸಾಕು, ಬೈಟಿನಲ್ಲಿ ಎಂಟು ಬಿಟ್ ಇದೆ. ಖಾಲಿ ಬಿದ್ದಿದ್ದ ಆ ಎಂಟನೆಯ ಬಿಟ್ಟನ್ನು ವರ್ಡ್‌ಸ್ಟಾರ್ ಗುರುತು ಹಾಕಲು ಬಳಸಿಕೊಂಡಿತ್ತು. ಪದ ಮುಗಿಯುವ ಅಕ್ಷರಕ್ಕೆ 128 ಕೂಡಿಸಿಡುವುದು. ತಾನೇ ಮುರಿದ ಸಾಲಿನ ಕೊನೆಗೆ 13ರ ಬದಲು 141, ಅಂಚು ಸಮ ಮಾಡಲು ತುರುಕಿದ ಖಾಲಿ ಜಾಗಕ್ಕೆ 32ರ ಬದಲು 160. ಹಸಿರು ಬಣ್ಣಕ್ಕೆ ಜಾಗವಿಲ್ಲ, ಗುಪ್ತ ಸಂಕೇತಗಳಿಗೆ ನೆನಪಿಲ್ಲ. ಅಕ್ಷರದ ಬೆನ್ನಿನ ಮೇಲೇ ಚೀಟಿ ಅಂಟಿಸಿದರು. ಕಡತದ ಕೊನೆಗೆ 26 ಎಂಬ ಸಂಕೇತ ಸಾಲಾಗಿ ಬಿದ್ದಿತ್ತು. ಸಿಪಿ/ಎಂ ಕಡತಗಳನ್ನು 128 ಬೈಟಿನ ತುಂಡುಗಳಲ್ಲಿ ಮಾತ್ರ ಎಣಿಸುವುದರಿಂದ, ಕೊನೆಯ ತುಂಡಿನ ಉಳಿದ ಜಾಗಕ್ಕೆ ತುಂಬಿದ ಹೊಟ್ಟು ಅದು.

ಪೈಥಾನಿನಲ್ಲಿ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಬರೆದೆ. ಪ್ರತಿ ಬೈಟಿನ ಎಂಟನೆಯ ಬಿಟ್ ಕಿತ್ತುಹಾಕು, 26 ಕಂಡಲ್ಲಿ ನಿಲ್ಲು. ಕರಾರು ತೊಳೆದ ಮುತ್ತಿನಂತೆ ಬಂತು. ಹೆಮ್ಮೆಯಲ್ಲಿ, ಚಿಕ್ಕಮ್ಮನ ಫ್ಲಾಪಿಗಳಿಗೂ ಇದನ್ನೇ ಓಡಿಸುವುದೆಂದು ತೀರ್ಮಾನಿಸಿದೆ.

ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವಿಗೆ ತುರುಕಬಾರದು. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು, ಆ ಡಿಸ್ಕನ್ನೂ ಮುಂದಿನದನ್ನೂ ಗೀಚುತ್ತದೆ. ಹೊರಗವಚದ ಒಂದು ಅಂಚನ್ನು ಬ್ಲೇಡಿನಿಂದ ಸೀಳಿ, ಒಳಗಿನ ಕಂದು ತಟ್ಟೆಯನ್ನು ನಡುವಿನ ತೂತಿನಲ್ಲಿ ಬೆರಳಿಟ್ಟು ಎತ್ತಬೇಕು. ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬಟ್ಟೆಯಿಂದ ಎರಡೂ ಮುಖವನ್ನು ಒತ್ತದೆ ಒರೆಸಬೇಕು, ನೆರಳಲ್ಲಿ ಒಣಗಿಸಬೇಕು. ಆಮೇಲೆ ಬೇರೆ ಯಾವುದೋ ಹಾಳು ಫ್ಲಾಪಿಯ ಶುಚಿಯಾದ ಕವಚಕ್ಕೆ ಸೇರಿಸಬೇಕು. ಓದಿದ್ದು ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡಿನಿಂದ. ಇದು ಕಡತಗಳನ್ನಲ್ಲ, ಕಾಂತೀಯ ಏರಿಳಿತವನ್ನೇ ದಾಖಲಿಸಿಕೊಳ್ಳುತ್ತದೆ. 360 ಕೆಬಿ ಫ್ಲಾಪಿಯಲ್ಲಿ 720 ಸೆಕ್ಟರುಗಳು, ಅಂದರೆ ಬರಹ ಕೂರುವ ಸಣ್ಣ ತುಂಡುಗಳು ಇರುತ್ತವೆ. ‘ಕನ್ನಡ – ಮುಟ್ಟಬೇಡ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ ಫ್ಲಾಪಿಯಲ್ಲಿ ಮೊದಲ ಓದಿಗೆ ಐದು ಸೆಕ್ಟರ್ ಕೆಟ್ಟಿದ್ದವು. ಹೆಡ್ ಒರೆಸಿ ಮತ್ತೆ ಮತ್ತೆ ಓದಿದ ಮೇಲೆ ಒಂದು ಮಾತ್ರ ಉಳಿಯಿತು.

ಅದರಲ್ಲಿದ್ದದ್ದು ‘ಹಾಡು’ ಎಂಬ ಹೆಸರಿನ ಒಂದೇ ಕಡತ. ಸ್ಕ್ರಿಪ್ಟ್ ಓಡಿಸಿದೆ. ಬಂದದ್ದು ಡಾಲರ್ ಚಿಹ್ನೆ, ಅಂಕಿ, ದೊಡ್ಡಕ್ಷರ, ಚೌಕಾವರಣಗಳ ರಾಶಿ, ನಡುನಡುವೆ ಲೆಕ್ಕವಿಲ್ಲದಷ್ಟು ಸಣ್ಣ ‘ಎಚ್’. ಕೆಟ್ಟಿದೆ ಎಂದುಕೊಂಡು ಚಿಕ್ಕಮ್ಮನಿಗೆ ಹೇಳಿದೆ.

“ಕೆಟ್ಟಿರಲಿಕ್ಕಿಲ್ಲ. ಅದು ವರ್ಡ್‌ಸ್ಟಾರ್ ಅಲ್ಲ” ಎಂದರು. ಎಂಟು ತಿಂಗಳು ಗುತ್ತಿಗೆಯ ಮೇಲೆ ಒಂದು ಕಚೇರಿಯಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿನ ಕಂಪ್ಯೂಟರಿಗೆ ಕನ್ನಡದ ಕಾರ್ಡ್ ಹಾಕಿದ್ದರು. ಊಟದ ವಿರಾಮದಲ್ಲಿ ಅಜ್ಜಿಯ ಹಸೆಹಾಡುಗಳನ್ನು ಕುಟ್ಟಿಕೊಂಡಿದ್ದರು. “ಮೊದಲ ಸಾಲು ‘ಅಮ್ಮನ ಹಾಡು’ ಎಂದು ಇರಬೇಕು ನೋಡು.”

ಮೊದಲ ಸಾಲು: ಡಾಲರ್ ಚಿಹ್ನೆ, ಎಲ್, ಎಚ್, ಎಲ್, ಎಫ್. ಖಾಲಿ ಜಾಗ. ಎಕ್ಸ್, ಝಡ್, ಪ್ರಶ್ನಾರ್ಥಕ ಚಿಹ್ನೆ, ಚೌಕಾವರಣ.

ಎರಡು ‘ಎಲ್’ ನಡುವೆ ಒಂದು ‘ಎಚ್’. ಎರಡು ‘ಮ’ ನಡುವೆ ಒಂದು ಹಲಂತ, ಒತ್ತಕ್ಷರ ಮೂಡಿಸುವ ಚಿಹ್ನೆ. ನನ್ನ ಕಿವಿ ಬಿಸಿಯಾಯಿತು.

ಕನ್ನಡದ ಕಾರ್ಡ್ ಎಂದರೆ ಜಿಸ್ಟ್: ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ–ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ. ಅದು ಬಳಸುತ್ತಿದ್ದದ್ದು ಇಸ್ಕಿ ಸಂಕೇತ, 1991ರಲ್ಲಿ ಭಾರತೀಯ ಮಾನಕವಾದದ್ದು. ಆಸ್ಕಿಯ ಕೆಳಗಿನ 128 ಜಾಗಗಳನ್ನು ಇಂಗ್ಲಿಷಿಗೆ ಬಿಟ್ಟು, ಎಂಟನೆಯ ಬಿಟ್ ಹತ್ತಿದ ಮೇಲಿನ ಅರ್ಧದಲ್ಲಿ ನಮ್ಮ ವರ್ಣಮಾಲೆಯನ್ನು ಕೂರಿಸಿದ್ದಾರೆ. ‘ಮ’ ಎಂದರೆ 204. ಎಂಟನೆಯ ಬಿಟ್ ಕಿತ್ತರೆ 76, ಅಂದರೆ ಇಂಗ್ಲಿಷಿನ ‘ಎಲ್’. ಹಲಂತ 232, ಕಿತ್ತರೆ ಸಣ್ಣ ‘ಎಚ್’. ‘ಕ’ ಅಕ್ಷರ ಕಿತ್ತರೆ ಅಂಕಿ 3. ವರ್ಡ್‌ಸ್ಟಾರಿಗೆ ಚೀಟಿ ಅಂಟಿಸುವ ಜಾಗವಾಗಿದ್ದದ್ದು ಕನ್ನಡಕ್ಕೆ ಇರುವ ಒಂದೇ ಮನೆ. ನನ್ನ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಹೋಗಿ ಆ ಮನೆಯ ಛಾವಣಿಯನ್ನೇ ಕಿತ್ತಿತ್ತು. ತಿರುಗಿಸಿ ನೋಡಿದರೂ ಅಷ್ಟೇ: ವರ್ಡ್‌ಸ್ಟಾರ್ ಒಂದು ಇಂಗ್ಲಿಷ್ ಪದದ ಕೊನೆಯ ಸಣ್ಣ ‘ಇ’ ಅಕ್ಷರಕ್ಕೆ 128 ಕೂಡಿಸಿದರೆ 229, ಅದು ಇಸ್ಕಿಯಲ್ಲಿ ದೀರ್ಘ ‘ಓ’ ಸ್ವರದ ಚಿಹ್ನೆ. ಬಾಡಿಗೆ ಕರಾರನ್ನು ಆ ಕಾರ್ಡಿನ ಮುಂದಿಟ್ಟಿದ್ದರೆ ಇಂಗ್ಲಿಷ್ ಪದಗಳ ಬಾಲಕ್ಕೆ ಓಕಾರಗಳು ನೇತಾಡುತ್ತಿದ್ದವು.

ಅದೃಷ್ಟಕ್ಕೆ ಗ್ರೀಸ್‌ವೀಝಲಿನ ಮೂಲ ದಾಖಲೆ ಹಾಗೇ ಇತ್ತು. ಈ ಸಲ ಬಿಟ್ ಮುಟ್ಟದೆ ಕಡತ ತೆಗೆದು, ಇಸ್ಕಿಯಿಂದ ಯೂನಿಕೋಡಿಗೆ ಕೋಷ್ಟಕ ಬರೆದೆ. ಕಷ್ಟವೇ ಆಗಲಿಲ್ಲ. ಯೂನಿಕೋಡಿನ ಭಾರತೀಯ ಲಿಪಿಗಳ ಜೋಡಣೆ 1988ರ ಇಸ್ಕಿಯನ್ನೇ ಅನುಸರಿಸಿದ್ದರಿಂದ ‘ಕ’ ಆದ ಮೇಲೆ ‘ಖ’, ‘ಖ’ ಆದ ಮೇಲೆ ‘ಗ’, ಬಹುಪಾಲು ಅದೇ ಸಾಲು. ಆಮೇಲಿನ ವರ್ಷಗಳ, ಅಕ್ಷರದ ತುಂಡುಗಳಿಗೆ ಸಂಕೇತ ಕೊಟ್ಟ ಫಾಂಟುಗಳ ಕಡತಗಳನ್ನು ಬಿಡಿಸುವುದು ಇದಕ್ಕಿಂತ ಎಷ್ಟೋ ಪಾಲು ರಗಳೆ. ಇಸ್ಕಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಸಂಕೇತ ಕೊಡುತ್ತದೆಯಾದ್ದರಿಂದ, ಕೋಷ್ಟಕದಲ್ಲಿ ಒಂದು ಸಂಖ್ಯೆ ತಪ್ಪಿ ಅಜ್ಜಿಯ ಹಾಡುಗಳು ಮೊದಲು ದೇವನಾಗರಿಯಲ್ಲಿ ಬಂದವು. ತಿದ್ದಿದೆ.

ಹದಿನಾಲ್ಕು ಹಾಡುಗಳು. ಓದಲು ಬಾರದ ಆ ಒಂದು ಸೆಕ್ಟರ್ ಬಿದ್ದದ್ದು ಒಂಬತ್ತನೆಯದರ ನಡುವೆ, 512 ಬೈಟು, ಸುಮಾರು ಹನ್ನೆರಡು ಸಾಲು. ಚಿಕ್ಕಮ್ಮ ಆ ಹಾಡನ್ನು ಮೊದಲಿನಿಂದ ಹೇಳಿಕೊಂಡು ಬಂದರು, ನಾನು ಬೆರಳಚ್ಚಿಸುತ್ತ ಹೋದೆ. ನಿಧಾನವಾಯಿತೆಂದು ನನ್ನನ್ನು ಎಬ್ಬಿಸಿ ತಾವೇ ಕುಳಿತರು. ಹತ್ತು ಸಾಲು ಬಂತು. ಉಳಿದೆರಡಕ್ಕೆ ತೀರ್ಥಹಳ್ಳಿಯ ದೊಡ್ಡಮ್ಮನಿಗೆ ಫೋನ್ ಮಾಡಿದ್ದಾರೆ. ಅವರು ರಾತ್ರಿ ಮಲಗಿದಾಗ ನೆನಪಿಸಿಕೊಂಡು ಹೇಳುತ್ತಾರಂತೆ.

ಕ್ಯಾಪ್ಸ್ ಲಾಕ್ ಇನ್ನೂ ಕಂಟ್ರೋಲ್ ಆಗಿಯೇ ಇದೆ. ಬೂಷ್ಟಿನ ಹತ್ತು ಫ್ಲಾಪಿಗಳು ಬಾಕಿ, ಅದರಲ್ಲಿ ಮೂರಕ್ಕೆ ಚೀಟಿ ಇಲ್ಲ. ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಕಡತದಲ್ಲಿ 232 ಹೆಚ್ಚಾಗಿ ಕಂಡರೆ ಏನನ್ನೂ ಮುಟ್ಟದೆ ನಿಲ್ಲು.